ಟವೆಲ್ ಹೊದ್ದ ಟೇಪ್ ರೆಕಾರ್ಡರ್

ನನ್ನ ಧ್ವನಿ ಚೆನ್ನಾಗಿದೆ. ಇದನ್ನು ನಾನೇ ಹೇಳಿಕೊಳ್ಳುವುದು ಶೋಭೆಯಲ್ಲ ಎಂದು ಗೊತ್ತು. ಆದರೆ ಇಲ್ಲಿ ನಾನು ಒಪ್ಪಿಕೊಳ್ಳಬೇಕಾದ ತಪ್ಪೆಲ್ಲ ಆ ಒಂದು ವಾಕ್ಯದಿಂದಲೇ ಹುಟ್ಟಿದ್ದು, ಆದ್ದರಿಂದ ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೈಸ್ಕೂಲಿನಲ್ಲಿ ಪ್ರಾರ್ಥನೆ ಹೇಳಿಸುತ್ತಿದ್ದದ್ದು ನನ್ನಿಂದ. ವಿಮಾ ಕಚೇರಿಯಲ್ಲಿ ಗುಮಾಸ್ತನಾದ ಮೇಲೆ ಯಾರದೇ ಬೀಳ್ಕೊಡುಗೆಯಾದರೂ ಮಾನಪತ್ರ ಓದುತ್ತಿದ್ದವನು ನಾನೇ. ಒಮ್ಮೆ ನಾನು ಓದುತ್ತಿದ್ದಾಗ ನಿವೃತ್ತರಾಗುತ್ತಿದ್ದ ಮ್ಯಾನೇಜರು ಕಣ್ಣೊರೆಸಿಕೊಂಡರು. ಅವರು ಅತ್ತದ್ದು ನೌಕರಿ ಮುಗಿಯಿತಲ್ಲ ಎಂದು, ನನ್ನ ಧ್ವನಿಗಲ್ಲ ಎಂದು ನನ್ನ ಹೆಂಡತಿ ವಿಮಲಾ ಹೇಳುತ್ತಾಳೆ. ನನ್ನ ಅಭಿಪ್ರಾಯ ಬೇರೆ.

ಇಂಥ ಧ್ವನಿಯನ್ನು ಜಯನಗರದ ಬಾಡಿಗೆ ಮನೆಯೊಂದರಲ್ಲಿ ‘ಹಾಲು ಬಂತಾ’, ‘ಗೇಟು ಹಾಕಿದ್ಯಾ’ ಎನ್ನುವುದಕ್ಕೆ ಮಾತ್ರ ಬಳಸುತ್ತಿದ್ದೇನಲ್ಲ ಎಂದು ಕೊರಗುತ್ತಿದ್ದ ಕಾಲ. ತೊಂಬತ್ತರ ದಶಕದ ನಡುಭಾಗವಿರಬೇಕು. ಆಗ ನಮ್ಮ ಬ್ಲಾಕಿನಲ್ಲೇ ಇದ್ದ ಒಂದು ಸಣ್ಣ ಸಂಸ್ಥೆಯ ವಿಷಯ ತಿಳಿಯಿತು. ಕಣ್ಣು ಕಾಣದವರಿಗಾಗಿ ಪಠ್ಯಪುಸ್ತಕಗಳನ್ನು ಕ್ಯಾಸೆಟ್ಟಿಗೆ ಓದಿಸುವುದು ಅವರ ಕೆಲಸ. ಬ್ರೈಲ್ ಲಿಪಿಯ ಪುಸ್ತಕಗಳು ಶಾಲೆಯ ಪಾಠಗಳನ್ನು ದಾಟಿ ಮುಂದೆ ಹೋಗುವುದು ಆಗ ಅಪರೂಪವಾಗಿತ್ತು. ಅದಕ್ಕಿಂತ ಹೆಚ್ಚು ಓದುವ ಆಸೆ ಇದ್ದವರು ಯಾರದಾದರೂ ಧ್ವನಿಯನ್ನು ನಂಬಬೇಕು. ಸಂಸ್ಥೆಯವರು ಪುಸ್ತಕವನ್ನೂ ಖಾಲಿ ಕ್ಯಾಸೆಟ್ಟುಗಳನ್ನೂ ಮನೆಗೇ ಕೊಟ್ಟು ಕಳಿಸಿದರು. ಜೊತೆಗೆ ಸೈಕ್ಲೋಸ್ಟೈಲ್ ಮಾಡಿದ ಒಂದು ಹಾಳೆ. ಪ್ರತಿ ಪುಟಕ್ಕೂ ಮೊದಲು ಪುಟದ ಸಂಖ್ಯೆ ಹೇಳಿ ಎಂದು ಅದರಲ್ಲಿತ್ತು. ನಟಿಸಬೇಡಿ ಎಂದಿತ್ತು. ಓದಿದ್ದನ್ನು ಒಮ್ಮೆ ಹಾಕಿ ಕೇಳಿ, ಆಮೇಲೆ ಕೊಡಿ ಎಂದೂ ಇತ್ತು.

ನಟಿಸಬೇಡಿ ಎಂಬುದು ನನ್ನಂಥವರಿಗೆ ಬರೆದದ್ದಲ್ಲ, ನಟಿಸಲು ಬಾರದವರಿಗೆ ಬರೆದದ್ದು ಎಂದುಕೊಂಡೆ. ಪುಟದ ಸಂಖ್ಯೆಯನ್ನು ಎರಡು ದಿನ ಹೇಳಿ ಬಿಟ್ಟುಬಿಟ್ಟೆ. ಅದು ಕರ್ನಾಟಕದ ಇತಿಹಾಸ. ಕೋಟೆಯ ಗೋಡೆ ಒಡೆದು ಸೈನ್ಯ ಒಳಗೆ ನುಗ್ಗುತ್ತಿರುವಾಗ ನಡುವೆ ‘ಪುಟ ಎಂಬತ್ತೇಳು’ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಓದಿದ್ದನ್ನು ಕೇಳಿ ನೋಡುವ ಸೂಚನೆಯನ್ನು ಮಾತ್ರ ಅತಿಯಾಗಿ ಪಾಲಿಸಿದೆ. ಮೊದಲ ನಾಲ್ಕು ಕ್ಯಾಸೆಟ್ಟುಗಳನ್ನು ಎಷ್ಟು ಸಲ ಹಾಕಿಕೊಂಡು ಕೇಳಿದೆನೆಂದರೆ, ಉಳಿದವನ್ನು ಓದುವುದರಲ್ಲೇ ಸಮಯ ಮುಗಿದು, ಅವುಗಳನ್ನು ಕೇಳದೆಯೇ ಕೊಟ್ಟುಬಿಡುವಂತಾಯಿತು.

ಅವುಗಳನ್ನು ಕೊಂಡೊಯ್ಯಲು ಭಾನುವಾರ ಬೆಳಿಗ್ಗೆ ಬರುತ್ತಿದ್ದವರು ಈರಣ್ಣ. ಬಾಗಲಕೋಟೆಯ ಕಡೆಯವರು. ಬಿಟಿಎಂ ಲೇಔಟಿನಲ್ಲಿ ತಮ್ಮ ಊರಿನ ಇನ್ನಿಬ್ಬರೊಡನೆ ಕೋಣೆ ಮಾಡಿಕೊಂಡು, ಅಲ್ಲೇ ಹತ್ತಿರದ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಹುಟ್ಟಿನಿಂದ ಕಣ್ಣು ಕಾಣದು. ಮಡಚುವ ಬಿಳಿಕೋಲು ಹಿಡಿದು ಶಾಪಿಂಗ್ ಕಾಂಪ್ಲೆಕ್ಸಿನ ಬಸ್‌ಸ್ಟಾಪಿನಿಂದ ನಮ್ಮ ಮನೆಗೆ ನಡೆದು ಬರುತ್ತಿದ್ದರು. ಫುಟ್‌ಪಾತಿನ ಯಾವ ಚಪ್ಪಡಿ ಎದ್ದು ನಿಂತಿದೆ, ಯಾವುದು ಅಲ್ಲಾಡುತ್ತದೆ ಎಂದು ಹದಿನೈದು ವರ್ಷದಿಂದ ಅದೇ ರಸ್ತೆಯಲ್ಲಿ ಎಡವುತ್ತಿದ್ದ ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಬಂದ ಕೂಡಲೇ ಅಡುಗೆಮನೆಯ ಕಡೆ ತಿರುಗಿ, “ಅಕ್ಕಾರ, ಹಳೇ ಲಗ್ನಪತ್ರಿಕಿ ಏನರ ಅದಾವೇನ್ರಿ?” ಎಂದು ಕೇಳುತ್ತಿದ್ದರು. ಕ್ಯಾಸೆಟ್ಟಿಗೆ ಅಂಟಿಸುವ ಬ್ರೈಲ್ ಚೀಟಿಗೆ ಲಗ್ನಪತ್ರಿಕೆಯ ದಪ್ಪ ಕಾಗದವೇ ಆಗಬೇಕು, ತೆಳು ಕಾಗದದಲ್ಲಿ ಚುಕ್ಕಿ ನಿಲ್ಲುವುದಿಲ್ಲ. ವಿಮಲಾ ಒಂದು ಕಟ್ಟು ತಂದು ಅವರ ಮುಂದಿಡುತ್ತಿದ್ದಳು. ಅವರು ಪಟ್ಟಿಯಂಥ ಹಲಗೆಯಲ್ಲಿ ಕಾಗದ ಸಿಕ್ಕಿಸಿ, ಮೊಳೆಯಂಥ ಕಡ್ಡಿಯಿಂದ ಟಪಟಪನೆ ಚುಚ್ಚಿ, ಕತ್ತರಿಸಿ ಅಂಟಿಸುತ್ತಿದ್ದರು. ಹೀಗಾಗಿ ಮೈಸೂರಿನ ಯುದ್ಧಗಳೆಲ್ಲ ನಮ್ಮ ನೆಂಟರ ಸುಮುಹೂರ್ತಗಳ ಹಿಂದೆ ಸೇರಿಕೊಂಡವು.

ಈರಣ್ಣನವರಿಗೆ ಬೇಕಾಗಿದ್ದದ್ದು ಸರ್ಕಾರಿ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟರ ಕೆಲಸ. ಅದಕ್ಕೊಂದು ಪರೀಕ್ಷೆ. ಆ ಸಲ ತಪ್ಪಿದರೆ ವಯಸ್ಸು ಮೀರಿ ಮತ್ತೆ ಕೂರುವಂತಿರಲಿಲ್ಲ. ಇರುವ ನೌಕರಿಗೇನಾಗಿದೆ ಎಂದು ನಾನೊಮ್ಮೆ ಕೇಳಿದೆ.

“ಏನೂ ಆಗಿಲ್ಲರಿ ಸರ. ಆದ್ರ ದಿನಾ ಮುಂಜಾನಿಂದ ಸಂಜೀತನಕ ನಾ ಅನ್ನೂದು ಎರಡ ಮಾತು. ‘ಯಾರು ಬೇಕಾಗಿತ್ರಿ?’ ಆಮ್ಯಾಲ ‘ಲೈನಿನಾಗ ಇರ್ರಿ.’ ಅಷ್ಟಾದ ಮ್ಯಾಲ ಮಾತಾಡವ್ರು ಬ್ಯಾರೆಯವ್ರು. ನಾನೂ ಒಂದ್ ತಾಸು ಮಾತಾಡಬೇಕು, ನಲವತ್ತ್ ಹುಡುಗ್ರು ಕುಂತು ಕೇಳಬೇಕು, ಅಂತ ಭಾಳ ಐತ್ರಿ.”

ಮಾತನಾಡುವ ಆಸೆ ನನಗೆ ಅರ್ಥವಾಗುವಂಥದ್ದು. ನಿಮ್ಮನ್ನು ಮೇಷ್ಟರು ಮಾಡದೆ ಬಿಡುವುದಿಲ್ಲ ಎಂದು ಅವರ ಕೈ ಹಿಡಿದು ಹೇಳಿದೆ. ನನ್ನ ಕಣ್ಣೇ ಒದ್ದೆಯಾಯಿತು. ಅದು ಅವರಿಗೆ ಕಾಣದಲ್ಲ ಎಂದು ಸ್ವಲ್ಪ ನಿರಾಶೆಯೂ ಆಯಿತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಅದೇ ಹೊತ್ತಿನಲ್ಲಿ ಅವರು ಮೆಲ್ಲಗೆ, “ಸರ, ಪುಟದ ನಂಬರ ಹೇಳಿದ್ರ ಚೊಲೋ ಆಗ್ತಿತ್ತೇನ್ರಿ” ಎಂದರು. ಪುಟದ ಸಂಖ್ಯೆ ಓದಿನ ಓಟಕ್ಕೆ ಹೇಗೆ ಅಡ್ಡಿ, ರಸಭಂಗವೆಂದರೆ ಏನು ಎಂದು ನಾನು ಕಾಫಿ ಆರುವವರೆಗೆ ವಿವರಿಸಿದೆ. “ಆತ್ರಿ” ಎಂದರು. ಮತ್ತೆ ಕೇಳಲಿಲ್ಲ.

ನನಗೆ ಒಂದೇ ಒಂದು ಬೇಸರವಿತ್ತು. ಅವರ ಬಳಿ ಸಂಸ್ಥೆಯವರು ಕೊಟ್ಟ ಒಂದು ಪ್ಲೇಯರ್ ಇತ್ತು, ಅದರಲ್ಲಿ ವೇಗ ಹೆಚ್ಚಿಸುವ ಗುಂಡಿ. ಕಣ್ಣಿಂದ ಓದುವವರ ವೇಗಕ್ಕೆ ಸರಿಗಟ್ಟಬೇಕಾದರೆ ಕಿವಿಯಿಂದ ಓದುವವರು ಓಡಿಸಲೇಬೇಕಂತೆ. ಒಮ್ಮೆ ನನ್ನ ಎದುರೇ ಹಾಕಿ ತೋರಿಸಿದರು. ನನ್ನ ಗಂಭೀರ ಧ್ವನಿ ಸೊಳ್ಳೆಯಂತೆ ಗುಂಯ್‌ಗುಟ್ಟುತ್ತ ಒಂದು ರಾಜವಂಶವನ್ನು ಎರಡು ನಿಮಿಷದಲ್ಲಿ ಮುಗಿಸಿತು. ವಿಮಲಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಇನ್ನು ಟವೆಲಿನ ವಿಷಯ. ನಮ್ಮ ಟೇಪ್ ರೆಕಾರ್ಡರ್ ಹಳೆಯದು. ತಿರುಗುವಾಗ ಗುರ್ರೆನ್ನುತ್ತಿತ್ತು. ಆ ಗೊರಕೆ ನನ್ನ ಧ್ವನಿಯ ಜೊತೆ ಸೇರಿ ಮುದ್ರಣವಾಗುವುದನ್ನು ಸಹಿಸಲಾರದೆ, ನಾನು ಅದಕ್ಕೆ ಉದ್ದ ವೈರಿನ ಮೈಕು ಸಿಕ್ಕಿಸಿ, ರೆಕಾರ್ಡರನ್ನು ದಪ್ಪ ಟರ್ಕಿ ಟವೆಲಿನಲ್ಲಿ ಸುತ್ತಿ, ಮೇಲೊಂದು ದಿಂಬು ಇಟ್ಟು ಓದಲು ಕೂರುತ್ತಿದ್ದೆ. ಧ್ವನಿ ಶುದ್ಧವಾಗಿ ಬರುತ್ತಿತ್ತು. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದಾಗ ಗುಂಡಿ ಟಕ್ ಎಂದು ಮೇಲಕ್ಕೆ ಹಾರುತ್ತದಲ್ಲ, ಆ ಸದ್ದು ಮಾತ್ರ ಟವೆಲಿನೊಳಗೇ ಉಳಿಯುತ್ತಿತ್ತು. ಅದಕ್ಕಾಗಿ ಆಗಾಗ ದಿಂಬು ಎತ್ತಿ ನೋಡುತ್ತಿದ್ದೆ. ನೆನಪಾದಾಗ.

ಪರೀಕ್ಷೆ ಮುಗಿದ ವಾರ ಈರಣ್ಣ ಬಂದರು. ಹೇಗಾಯಿತು ಎಂದೆ. ಎಲ್ಲ ಚೆನ್ನಾಗಿ ಹೇಳಿದೆ, ನನ್ನ ಪರವಾಗಿ ಬರೆಯಲು ಪಕ್ಕದಲ್ಲಿ ಕೂತವರು ಚೆನ್ನಾಗಿ ಬರೆದುಕೊಂಡರು, ಆದರೆ ಒಂದು ದೊಡ್ಡ ಪ್ರಶ್ನೆ ಬಿಡಬೇಕಾಯಿತು ಎಂದರು. ಮೈಸೂರಿನಲ್ಲಿ ಕಮಿಷನರುಗಳ ಆಳ್ವಿಕೆಯ ಕಾಲದ ಸುಧಾರಣೆಗಳನ್ನು ವಿವರಿಸಿ ಎಂಬ ಪ್ರಶ್ನೆ. ಬರೆಯುವವರು ಪೆನ್ನು ಹಿಡಿದು ಕಾದೇ ಕಾದರಂತೆ.

“ನನ್ನ ಟೇಪಿನಾಗ ಅದು ಇರ್ಲಿಲ್ಲರಿ ಸರ.”

ಇಷ್ಟು ಸ್ಪಷ್ಟವಾಗಿ ಹೇಳಿದ ಮಾತನ್ನು ಕೇಳಿಸಿಕೊಂಡು ಒಬ್ಬ ಮನುಷ್ಯ ಏನು ಮಾಡಬೇಕು? ಎದ್ದು ಹೋಗಿ ಪುಸ್ತಕ ತೆಗೆದು ನೋಡಬೇಕು. ಪುಸ್ತಕ ಎರಡು ಮಾರು ದೂರದ ಬೀರುವಿನಲ್ಲೇ ಇತ್ತು. ಆದರೆ ನಾನು ಓದಿದ ಟೇಪಿನಲ್ಲಿ ಇಲ್ಲವೆಂದ ಮೇಲೆ ಅದು ಪುಸ್ತಕದಲ್ಲೇ ಇಲ್ಲವೆಂದು ನನಗೆ ಖಾತ್ರಿಯಾಗಿತ್ತು. ನಾನು ಕೆರಳಿದೆ. ಪಠ್ಯದಲ್ಲಿಲ್ಲದ ಪ್ರಶ್ನೆ ಕೇಳುವ ಅನ್ಯಾಯದ ಬಗ್ಗೆ ಅಂದೇ ಕೂತು ಪತ್ರಿಕೆಗೆ ಕಾಗದ ಬರೆದೆ. ಕಣ್ಣು ಕಾಣದ ಅಭ್ಯರ್ಥಿಗಳ ಬಾಳಿನೊಡನೆ ಚೆಲ್ಲಾಟ ಎಂಬ ಮಾತೂ ಅದರಲ್ಲಿತ್ತು. ಓದುಗರ ಪತ್ರಗಳ ಜಾಗದಲ್ಲಿ ಅದು ಅಚ್ಚಾಯಿತು. ಕಚೇರಿಯಲ್ಲಿ ನಾಲ್ಕು ಜನ ಶಹಬ್ಬಾಸ್ ಎಂದರು. ಈರಣ್ಣ ಆ ತುಣುಕನ್ನು ಯಾರಿಂದಲೋ ಕತ್ತರಿಸಿ ತರಿಸಿ ಜೇಬಿನಲ್ಲಿಟ್ಟುಕೊಂಡರು.

ಫಲಿತಾಂಶ ಬಂತು. ಕೆಲವೇ ಅಂಕಗಳಲ್ಲಿ ಅವರಿಗೆ ಕೆಲಸ ತಪ್ಪಿತು. ವಯಸ್ಸು ಮೀರಿತು.

ಬೇರೆ ಪುಸ್ತಕ ತುಂಬಿಸುವುದಕ್ಕೆಂದು ಅವರು ಕ್ಯಾಸೆಟ್ಟುಗಳನ್ನೆಲ್ಲ ನನಗೆ ಹಿಂದಿರುಗಿಸಿದರು. ಅಳಿಸುವ ಮುನ್ನ ನನ್ನ ಧ್ವನಿಯನ್ನು ಕೊನೆಯ ಸಲ ಕೇಳೋಣವೆಂದು ಒಂದೊಂದಾಗಿ ಹಾಕುತ್ತ ಹೋದೆ. ಒಂಬತ್ತನೆಯ ಕ್ಯಾಸೆಟ್ಟು. ಮೊದಲ ಮಗ್ಗುಲಿನ ಕೊನೆಯಲ್ಲಿ ನಾನು ಭರ್ಜರಿಯಾಗಿ, ‘ಕಂದಾಯ ವಸೂಲಿಯಲ್ಲಿ ಕಮಿಷನರು ಮೊದಲು ಮಾಡಿದ ಬದಲಾವಣೆಯೆಂದರೆ’ ಎಂದೆ. ಟಕ್. ಮಗುಚಿ ಹಾಕಿದೆ. ‘ಹೀಗೆ ಐವತ್ತು ವರ್ಷಗಳ ನಂತರ ರಾಜ್ಯ ಮತ್ತೆ ಅರಸರ ಕೈಗೆ ಬಂದಿತು’ ಎಂದು ನಾನೇ ಮುಂದುವರಿಸಿದೆ.

ಪುಸ್ತಕ ತೆಗೆದೆ. ಆ ಎರಡು ವಾಕ್ಯಗಳ ನಡುವೆ ಆರು ಪುಟ. ಆರೂ ಪುಟಗಳ ಅಂಚಿನಲ್ಲಿ, ಎಲ್ಲಿ ದನಿ ಏರಿಸಬೇಕು, ಎಲ್ಲಿ ಇಳಿಸಬೇಕು ಎಂದು ನಾನೇ ಹಾಕಿಕೊಂಡ ಪೆನ್ಸಿಲ್ ಗುರುತುಗಳಿದ್ದವು. ಅಂದರೆ ನಾನು ಓದಿದ್ದೆ. ಟೇಪು ನಿಂತ ಮೇಲೂ ಇಪ್ಪತ್ತು ನಿಮಿಷ ಒಂದು ಟವೆಲಿಗೆ ಓದಿದ್ದೆ. ಕೊನೆಗೆ ದಿಂಬು ಎತ್ತಿದಾಗ ಗುಂಡಿ ಹಾರಿದ್ದು ಕಂಡು, ಈಗ ತಾನೇ ಮುಗಿದಿದೆ ಎಂದುಕೊಂಡು ಎದ್ದಿರಬೇಕು.

ಅಡುಗೆಮನೆಯಿಂದ ಬಂದ ವಿಮಲಾಗೆ ಹೇಳಿದೆ. “ನೀವು ಓದೋವಾಗ ಕುಕ್ಕರ್ ಕೂಗಿದ್ರೂ ನಿಮಗೆ ಕೇಳಿಸ್ತಿರಲಿಲ್ಲ,” ಎಂದಳು. ಆಮೇಲೆ, “ಅವರಿಗೆ ಹೇಳ್ಬಿಡಿ,” ಎಂದಳು.

ನಾನು ಹೇಳಲಿಲ್ಲ. ಆ ಕ್ಯಾಸೆಟ್ಟನ್ನು ಬೀರುವಿನಲ್ಲಿ ಹಳೆಯ ಕನ್ನಡಕಗಳ ಹಿಂದೆ ಬಚ್ಚಿಟ್ಟು, ಸಂಸ್ಥೆಗೆ ಅದರ ಬದಲು ಹೊಸದೊಂದನ್ನು ಕೊಂಡು ಕೊಟ್ಟೆ. ಕಾಲು ನೋವಿನ ನೆಪ ಹೇಳಿ ಓದುವುದನ್ನೂ ಬಿಟ್ಟೆ. ಓದುವುದಕ್ಕೆ ಕಾಲು ಏಕೆ ಬೇಕೆಂದು ಸಂಸ್ಥೆಯವರು ಪಾಪ ಕೇಳಲಿಲ್ಲ.

ನಮ್ಮಜ್ಜಿ ಕಥೆ ಹೇಳುವಾಗ ಒಂದು ಕರಾರಿತ್ತು. ಕೇಳುವವರಲ್ಲಿ ಒಬ್ಬರಾದರೂ ಹೂಂಗುಡುತ್ತಿರಬೇಕು. ಹೂಂ ನಿಂತಿತೋ, ಕಥೆಯೂ ಅಲ್ಲೇ ನಿಂತಿತು, ರಾಜಕುಮಾರ ಒಂದು ಕಾಲು ಕುದುರೆಯ ರಿಕಾಪಿನಲ್ಲಿ ಇಟ್ಟಿದ್ದರೂ ಸರಿ. ಹರಿಕಥೆಯ ದಾಸರು ನಡುನಡುವೆ ಸಭೆಯಿಂದ ‘ಗೋವಿಂದ’ ಹೇಳಿಸುವುದರಲ್ಲೂ ಭಕ್ತಿಯ ಜೊತೆಗೆ, ಎಷ್ಟು ಜನ ಎಚ್ಚರವಾಗಿದ್ದಾರೆ ಎಂಬ ತಪಾಸಣೆ ಇದ್ದೀತು. ಇನ್ನು ಹಿಂದೆ ತಾಳೆಗರಿಯಲ್ಲಿ ಗ್ರಂಥಗಳ ಪ್ರತಿ ಮಾಡುತ್ತಿದ್ದವರು ಕೊನೆಯಲ್ಲಿ, ಬೆನ್ನು ಬಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ ಎಂಬರ್ಥದ ಮಾತು ಸೇರಿಸುತ್ತಿದ್ದರಂತೆ. ಓಲೆ ಹಿಡಿದು ಓದುವವನಿಗೆ ತಿದ್ದಲು ಒಂದು ಅನುಮತಿ ಅದು. ನಾನು ನನ್ನ ಪ್ರತಿ ಕ್ಯಾಸೆಟ್ಟಿನ ಕೊನೆಗೂ ‘ಓದಿದವರು’ ಎಂದು ನನ್ನ ಹೆಸರು ಮಾತ್ರ ಹೇಳುತ್ತಿದ್ದೆ.

ಈರಣ್ಣ ಬರುವುದನ್ನು ನಿಲ್ಲಿಸಲಿಲ್ಲ. ಪ್ರತಿ ಸಂಕ್ರಾಂತಿಗೆ ಊರಿನಿಂದ ತರಿಸಿದ ಕುಸುರೆಳ್ಳಿನ ಪೊಟ್ಟಣ ಹಿಡಿದು ಬರುತ್ತಿದ್ದರು. ವಿಮಲಾ ನಮ್ಮ ಕಡೆಯ ಎಳ್ಳುಬೆಲ್ಲ ಕೊಡುತ್ತಿದ್ದಳು. ನಾನು ಒಂದು ಹಿಡಿ ಕುಸುರೆಳ್ಳು ಬಾಯಿಗೆ ಹಾಕಿಕೊಂಡು, ಬಾಯಿ ತುಂಬಿದೆಯಲ್ಲ ಎಂಬ ಸಬೂಬಿನಲ್ಲಿ ಸುಮ್ಮನಿರುತ್ತಿದ್ದೆ. ಎಂಟು ಸಂಕ್ರಾಂತಿ ಹೀಗೆ ಕಳೆದೆ. ಹೇಡಿತನ ದಿನದಿನಕ್ಕೆ ಸುಲಭವಾಗುತ್ತ ಹೋಗುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ.

ಅಷ್ಟರಲ್ಲಿ ಹೊಸ ಶತಮಾನ ಬಂತು, ನನಗೆ ನಿವೃತ್ತಿಯಾಯಿತು, ಈರಣ್ಣನವರ ಕಚೇರಿಗೆ ಕಂಪ್ಯೂಟರ್ ಬಂತು. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಏರ್ಪಾಡು ಅದರಲ್ಲಿದೆ, ಬಂದು ನೋಡಬೇಕು ಎಂದು ಹಟ ಹಿಡಿದರು. ಒಂದು ಶನಿವಾರ ಮಧ್ಯಾಹ್ನ ಹೋದೆ. ಮಡಿವಾಳದ ಕಡೆಯಿಂದ ಬರುವ ಲಾರಿಗಳ ಹಾರ್ನ್ ಸದ್ದನ್ನು ಕಿಟಕಿಯಲ್ಲಿ ತುಂಬಿಕೊಂಡಿದ್ದ ಕೋಣೆ. ಸ್ವಿಚ್‌ಬೋರ್ಡಿನ ಪಕ್ಕದಲ್ಲಿ ಹೊಸ ಯಂತ್ರ. ಈರಣ್ಣನವರ ಬೆರಳು ಕೀಲಿಗಳ ಮೇಲೆ ಓಡುತ್ತಿದ್ದಂತೆ ಒಂದು ಪರದೇಶಿ ದನಿ ಇಂಗ್ಲಿಷಿನಲ್ಲಿ ಅವಸರ ಅವಸರವಾಗಿ ಓದತೊಡಗಿತು. ಏರಿಳಿತವಿಲ್ಲ, ಭಾವವಿಲ್ಲ, ಅಲ್ಪವಿರಾಮಕ್ಕೆ ಬೆಲೆಯಿಲ್ಲ. ನನಗೆ ಸಮಾಧಾನವೇ ಆಯಿತು.

“ಕನ್ನಡ ಓದತ್ತಾ?” ಎಂದೆ.

“ಎಲ್ಲೀದ್ರಿ. ಕನ್ನಡ ಬಂದ್ರ ಬಾಯಿಗೆ ಬಂದಂಗ ಇಂಗ್ಲಿಷ್ ಅಕ್ಷರ ಒದರತೈತಿ. ನನ್ನ ಹೆಸರಂತೂ ಅದರ ಬಾಯಾಗ ಕೇಳೂವಂಗಿಲ್ಲರಿ.” ನಕ್ಕು, ಕೆಳಗಿಳಿಯುವ ಬಾಣದ ಕೀಲಿಯನ್ನು ಒತ್ತುತ್ತ ಹೋದರು. ಯಂತ್ರ ಒಂದು ಸಾಲು ಓದಿತು. ಆಮೇಲೆ ‘ಬ್ಲ್ಯಾಂಕ್’ ಎಂದಿತು. ಇನ್ನೊಂದು ಸಲ ಒತ್ತಿದರು. ‘ಬ್ಲ್ಯಾಂಕ್.’

“ಇದೇನು?”

“ಅಲ್ಲಿ ಏನೂ ಬರದಿಲ್ಲಂತ್ರಿ. ಖಾಲಿ ಸಾಲು. ಖಾಲಿ ಇದ್ರ ಖಾಲಿ ಐತಿ ಅಂತ ಹೇಳತೈತ್ರಿ. ಅದೊಂದು ಚೊಲೋ ಗುಣ.”

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಮಾನಪತ್ರ ಓದುವವನ ಧ್ವನಿ ಆಗ ಬರಲಿಲ್ಲ. ಒಂಬತ್ತನೆಯ ಕ್ಯಾಸೆಟ್ಟು, ಟವೆಲು, ಆರು ಪುಟ, ಎಲ್ಲವನ್ನೂ ತಡವರಿಸುತ್ತ ಹೇಳಿದೆ. ನಡುವೆ ಎರಡು ಸಲ ಫೋನು ಬಂತು. ಎರಡು ಸಲವೂ ಅವರು “ಯಾರು ಬೇಕಾಗಿತ್ರಿ? ಲೈನಿನಾಗ ಇರ್ರಿ” ಎಂದು ಲೈನು ಜೋಡಿಸಿ, ನನ್ನ ಕಡೆ ತಿರುಗಿದರು.

“ಗೊತ್ತೈತ್ರಿ ಸರ,” ಎಂದರು ಕೊನೆಗೆ.

ಪರೀಕ್ಷೆ ಮುಗಿದ ಮೇಲೆ ಕಚೇರಿಯ ಒಬ್ಬರಿಂದ ಪುಸ್ತಕ ತರಿಸಿ ನೋಡಿಸಿದ್ದರಂತೆ. ಪಾಠ ಇದೆ, ಓದಿ ಹೇಳಲೇ ಎಂದು ಆ ಸಹೋದ್ಯೋಗಿ ಕೇಳಿದಾಗ ಈರಣ್ಣ ಬೇಡವೆಂದಿದ್ದರಂತೆ. ಅಷ್ಟೇ ಅಲ್ಲ, ಪರೀಕ್ಷೆಗೆ ಒಂದು ತಿಂಗಳು ಮೊದಲೇ, ಆ ಮಾತು ಅರ್ಧಕ್ಕೆ ನಿಂತದ್ದು ಕೇಳಿ ಅನುಮಾನ ಬಂದಿತ್ತಂತೆ.

“ಹಾಗಾದ್ರೆ ಅವತ್ತೇ ಯಾಕೆ ಕೇಳಲಿಲ್ಲ ಈರಣ್ಣ? ಅರ್ಧ ಗಂಟೆ ಕೆಲಸ. ಓದಿಕೊಡ್ತಿದ್ನಲ್ಲ.”

“ಪುಟದ ನಂಬರ ಒಮ್ಮೆ ಕೇಳಿದ್ನೆಲ್ರಿ. ನಿಮಗ ಬ್ಯಾಸರ ಆಗಿತ್ತು. ಪುಕ್ಕಟೆ ಓದಿಕೊಡವ್ರಿಗೆ ಎಷ್ಟ್ ಸಲ ಅಂತ ಕೇಳೂದ್ರಿ? ನಮ್ಮಂಥವ್ರಿಗೆ ದಿನಾ ಯಾರರ ಒಬ್ಬರ ಕಡೆ ಕೆಲಸ ಇರತೈತಿ. ರಸ್ತೆ ದಾಟಸವ್ರು, ಬಸ್ಸಿನ ನಂಬರ ಹೇಳವ್ರು. ತಪ್ಪ ಬಸ್ ಹತ್ತಿಸಿದ್ರೂ ಥ್ಯಾಂಕ್ಸ್ ಅಂದು, ಮುಂದಿನ ಸ್ಟಾಪಿನಾಗ ಇಳಿದು ಬಿಡ್ತೀವ್ರಿ.”

“ಟೇಪಿನಲ್ಲಿ ಇರಲಿಲ್ಲ ಅಂತ ಆಮೇಲಾದ್ರೂ ಹೇಳಿದ್ರಲ್ಲ.”

“ಹೇಳಿದೆರಿ. ನೀವು ಪೇಪರಿಗೆ ಬರದ್ರಿ. ಅದನ್ನ ಓದಿಸಿ ಕೇಳಿದ ಮ್ಯಾಲ ಮತ್ತೇನ್ ಹೇಳೂದಂತ ಸುಮ್ಮನಾದೆ.”

ಇಷ್ಟು ವರ್ಷ ಅವರಿಂದ ನಾನು ಒಂದು ಸತ್ಯವನ್ನು ಬಚ್ಚಿಟ್ಟಿದ್ದೇನೆ ಎಂದು ತಿಳಿದಿದ್ದೆ. ಅದನ್ನೇ ಅವರು ನನ್ನಿಂದ, ನನಗೆ ನೋವಾಗದಿರಲೆಂದು ಬಚ್ಚಿಟ್ಟಿದ್ದರು. ಹೊರಡುವಾಗ ಅವರು ಒಂದು ಮಾತು ಕೇಳಿದರು. ಆ ಆರು ಪುಟ ಈಗ ಓದಿಕೊಡುತ್ತೀರಾ ಎಂದರು. ಈಗ ಯಾಕೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ, “ಉಳಿದ ಇತಿಹಾಸ ಎಲ್ಲಾ ನನ್ನ ತಲಿಯಾಗ ನಿಮ್ಮ ದನಿಯಾಗ ಐತ್ರಿ. ಅದೊಂದು ಜಾಗ ಖಾಲಿ ಉಳದೈತಿ,” ಎಂದರು.

ಮರುದಿನ ಭಾನುವಾರ ಬೆಳಿಗ್ಗೆಯೇ ಬಂದರು. ರೆಕಾರ್ಡರನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿದೆ. ಅಭ್ಯಾಸಬಲದಿಂದ ಟವೆಲಿಗೆ ಕೈ ಹಾಕಿದಾಗ ವಿಮಲಾ ಅದನ್ನು ತೆಗೆದುಕೊಂಡು ಹೋಗಿ ಬಿಸಿಲಿಗೆ ಹರವಿದಳು. ಈರಣ್ಣ ತಮ್ಮ ಅಂಗೈಯನ್ನು ರೆಕಾರ್ಡರಿನ ಮೇಲೆ ಇಟ್ಟುಕೊಂಡು ಕೂತರು. ಗುರ್ರೆಂದು ಅದು ತಿರುಗತೊಡಗಿತು.

“ಪುಟ ನೂರ ಹನ್ನೆರಡು,” ಎಂದೆ.

ಆರು ಪುಟದಲ್ಲಿ ಮಹಾ ಏನಿತ್ತು? ಕಂದಾಯವನ್ನು ದವಸದ ಬದಲು ನಗದಾಗಿ ಕಟ್ಟಿಸಿಕೊಂಡದ್ದು, ರಸ್ತೆ ಮಾಡಿಸಿದ್ದು, ಕಚೇರಿಯ ಬರವಣಿಗೆ, ನ್ಯಾಯಾಲಯಗಳು, ತಂತಿ, ರೈಲು. ದನಿ ಏರಿಸಲು ಗುರುತು ಹಾಕಿದ್ದ ಕಡೆ ಏರಿಸಲಿಲ್ಲ. ಪ್ರತಿ ಪುಟದ ಸಂಖ್ಯೆ ಹೇಳಿದೆ. ನೂರ ಹದಿನೇಳಕ್ಕೆ ಮುಗಿಯಿತು. ಈರಣ್ಣ ತಲೆ ಬಗ್ಗಿಸಿಯೇ ಇದ್ದರು.

“ಇಷ್ಟ ಏನ್ರಿ?”

“ಇಷ್ಟೇ.”

“ಭಾಳ ಸರಳ ಐತ್ರಿ ಸರ,” ಎಂದರು. “ಬರಸಬಹುದಿತ್ತು.”

ನನಗೆ ತಡೆಯಲಾಗಲಿಲ್ಲ. ಎಂಟು ವರ್ಷ ಒಳಗಿಟ್ಟುಕೊಂಡಿದ್ದ ಕ್ಷಮಾಪಣೆಯೆಲ್ಲ ಹೊರಗೆ ಬಂತು. ಹೇಗೆ ನಿದ್ದೆಗೆಟ್ಟೆ, ಹೇಗೆ ನನ್ನನ್ನು ನಾನೇ ಹಳಿದುಕೊಂಡೆ, ಒಬ್ಬ ಗುರುವನ್ನು ನಾಡು ಹೇಗೆ ಕಳೆದುಕೊಂಡಿತು ಎಂದು ಹೇಳುತ್ತ ಹೇಳುತ್ತ ಧ್ವನಿ ತನ್ನಷ್ಟಕ್ಕೆ ತಾನೇ ಗಟ್ಟಿಯಾಯಿತು. ವಾಕ್ಯಗಳು ಉದ್ದವಾದವು. ಸರಿಯಾದ ಕಡೆಯಲ್ಲಿ ಕಂಪಿಸುತ್ತಲೂ ಇದ್ದೆ. ಬಾಗಿಲಲ್ಲಿ ವಿಮಲಾ ಕಾಫಿ ಲೋಟ ಹಿಡಿದು ನಿಂತದ್ದು ಕಂಡರೂ ನಿಲ್ಲಿಸಲಿಲ್ಲ. ಎಷ್ಟು ಹೊತ್ತು ಮಾತನಾಡಿದೆನೋ ತಿಳಿಯದು.

ಟಕ್.

ಈರಣ್ಣ ರೆಕಾರ್ಡರಿನ ಮೇಲಿಂದ ಕೈ ತೆಗೆದರು.

“ಟೇಪ್ ಮುಗೀತ್ರಿ ಸರ,” ಎಂದರು ಮೆಲ್ಲಗೆ.

ನಾನು ವಾಕ್ಯದ ನಡುವೆಯೇ ನಿಲ್ಲಿಸಿದೆ. ಈ ಸಲ ನನಗೂ ಕೇಳಿಸಿತ್ತು.